ಇಪ್ಪತ್ತು ವರ್ಷದ ಮನೆ ಸಾಲ ಹನ್ನೆರಡಕ್ಕೇ ತೀರಬೇಕಾದರೆ

2013ರಲ್ಲಿ ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡಾಗ ಬ್ಯಾಂಕಿನವರು ನಮಗೆ ಬರೆದುಕೊಟ್ಟ ಅವಧಿ 20 ವರ್ಷ. 2025ರಲ್ಲಿ ಸಾಲ ತೀರಿತು. ನಡುವೆ ಊರಿನ ಜಮೀನು ಮಾರಿದ್ದಿಲ್ಲ, ಎಲ್ಲಿಂದಲೂ ದೊಡ್ಡ ಗಂಟು ಬಂದದ್ದೂ ಇಲ್ಲ. ನನ್ನದೂ ನಮ್ಮನೆಯವರದೂ ಸಂಬಳ, ಅಷ್ಟರಲ್ಲೇ ಆಯಿತು. ಆದರೆ ಮೊದಲ ಮೂರು ವರ್ಷ ನಾವು ಸುಮ್ಮನೆ ಕಂತು ಕಟ್ಟುತ್ತಾ ಹೋದೆವು. ಆ ಮೂರು ವರ್ಷಗಳಿಗೆ ಎಷ್ಟು ಬೆಲೆ ಇತ್ತು ಎಂದು ಗೊತ್ತಾದದ್ದು ಆಮೇಲೆ. ಸಾಲ ತೆಗೆದು ಇನ್ನೂ ಐದು ವರ್ಷ ಆಗದವರಿಗೆ ಈ ಬರಹದಿಂದ ಎಲ್ಲರಿಗಿಂತ ಹೆಚ್ಚು ಉಪಯೋಗವಿದೆ, ಹಾಗಾಗಿ ಮುಂದೂಡದೆ ಓದಿ.

ಮೊದಲು ಅಸಲು ಎಷ್ಟು ಕರಗಿದೆ ನೋಡಿ

ನೆಟ್‌ಬ್ಯಾಂಕಿಂಗ್‌ನಲ್ಲಿ ಸಾಲದ ಖಾತೆ ತೆರೆದರೆ ಸ್ಟೇಟ್‌ಮೆಂಟ್ ಮತ್ತು ರೀಪೇಮೆಂಟ್ ಶೆಡ್ಯೂಲ್ ಎರಡೂ ಸಿಗುತ್ತವೆ. ಸಿಗದಿದ್ದರೆ ಶಾಖೆಗೆ ಹೋಗಿ ಕೇಳಿ ಪಡೆಯಿರಿ. ಅದರಲ್ಲಿ ಪ್ರತಿ ಕಂತಿನ ಎದುರು ಬಡ್ಡಿಗೆ ಎಷ್ಟು ಹೋಯಿತು, ಅಸಲಿಗೆ ಎಷ್ಟು ಹೋಯಿತು ಎಂದು ಬೇರೆ ಬೇರೆ ಬರೆದಿರುತ್ತದೆ.

ಲೆಕ್ಕಕ್ಕೆ ಸುಲಭವಾಗಲೆಂದು 40 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದು ಇಟ್ಟುಕೊಳ್ಳೋಣ. ತಿಂಗಳ ಇಎಂಐ ಸುಮಾರು 34,713 ರೂಪಾಯಿ. ಮೊದಲ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 6,380. ಐದು ವರ್ಷ ತಪ್ಪದೆ ಕಟ್ಟಿದರೆ ನಿಮ್ಮ ಕೈಯಿಂದ ಹೋದದ್ದು 20 ಲಕ್ಷ 83 ಸಾವಿರ. ಬಾಕಿ ಉಳಿದ ಸಾಲ 35 ಲಕ್ಷ 25 ಸಾವಿರ! ಅಸಲಿನಲ್ಲಿ ಕಡಿಮೆಯಾದದ್ದು ಐದು ಲಕ್ಷವೂ ಇಲ್ಲ. ಇಪ್ಪತ್ತು ವರ್ಷ ಹೀಗೇ ಬಿಟ್ಟರೆ ಬಡ್ಡಿಯೊಂದೇ 43 ಲಕ್ಷ ದಾಟುತ್ತದೆ.

ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಬಾಕಿ ಇರುವ ಅಸಲಿನ ಮೇಲೆ ಬಡ್ಡಿ ಬೀಳುತ್ತದೆ, ಶುರುವಿನಲ್ಲಿ ಅಸಲು ದೊಡ್ಡದು, ಹಾಗಾಗಿ ಬಡ್ಡಿಯೂ ದೊಡ್ಡದು. ಅದೇ ಕಾರಣಕ್ಕೆ ಶುರುವಿನಲ್ಲಿ ಅಸಲಿಗೆ ಹಾಕಿದ ರೂಪಾಯಿಗೆ ಶಕ್ತಿ ಹೆಚ್ಚು. ಇದೇ ಸಾಲಕ್ಕೆ ಮೊದಲ ವರ್ಷದ ಕೊನೆಗೆ ಒಂದೇ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರೆ ಕೊನೆಯಲ್ಲಿ ಹದಿಮೂರಕ್ಕೂ ಹೆಚ್ಚು ಕಂತು ಮಾಯವಾಗುತ್ತವೆ, ಉಳಿಯುವ ಬಡ್ಡಿ ಸುಮಾರು 3 ಲಕ್ಷ 78 ಸಾವಿರ. ಅದೇ ಒಂದು ಲಕ್ಷವನ್ನು ಹದಿನೈದನೇ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಬರೀ 51 ಸಾವಿರದಷ್ಟು. "ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಸಾಲದ ಕಡೆ ನೋಡೋಣ" ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಬೇಕು.

ವರ್ಷದ ಖರ್ಚನ್ನು ತಿಂಗಳಿಗೆ ಒಡೆಯಿರಿ

ಮನೆ ಖರ್ಚಿನ ಲೆಕ್ಕ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ನಾವೂ ಬರೆದೆವು. ಹಾಲು, ತರಕಾರಿ, ದಿನಸಿ, ಪೆಟ್ರೋಲು ಎಲ್ಲ ಕೂಡಿದರೆ ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ ಉಳಿಯಬೇಕು, ಆದರೆ ಉಳಿಯುತ್ತಿರಲಿಲ್ಲ. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ನಮ್ಮನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ತಿಂಗಳ ಖರ್ಚಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚುಗಳು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ. ಮೇ ತಿಂಗಳಲ್ಲಿ ಮದುವೆಗಳು, ಊರಿಗೆ ಹೋಗಿ ಬರುವ ಖರ್ಚು. ಜೂನ್ ಹತ್ತಿರ ಬಂತೆಂದರೆ ಸ್ಕೂಲ್ ಫೀಸು, ಪುಸ್ತಕ, ಸಮವಸ್ತ್ರ, ಶೂ. ಆಮೇಲೆ ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ ಒಂದರ ಹಿಂದೆ ಒಂದು. ಪ್ರತಿ ಸಾರಿಯೂ "ಈ ತಿಂಗಳು ವಿಶೇಷ ಖರ್ಚು ಬಂತು" ಎಂದುಕೊಳ್ಳುತ್ತಿದ್ದೆವು. ಹನ್ನೆರಡು ತಿಂಗಳಲ್ಲಿ ಒಂಬತ್ತು ತಿಂಗಳು ವಿಶೇಷ ಖರ್ಚಿನದೇ.

ಒಂದು ಭಾನುವಾರ ಕೂತು ಹಿಂದಿನ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಪಾವತಿಗಳ ಪಟ್ಟಿ ಎರಡನ್ನೂ ಇಟ್ಟುಕೊಂಡು ಇಂಥವುಗಳನ್ನೆಲ್ಲ ಆರಿಸಿ ಬರೆಯಿರಿ. ಒಂದು ಮಗು ಇರುವ ಸಂಸಾರದ ಉದಾಹರಣೆ ಕೊಡುತ್ತೇನೆ. ಶಾಲೆಯ ಫೀಸು ಮತ್ತು ಪುಸ್ತಕ 1,10,000. ಆರೋಗ್ಯ ವಿಮೆ 28,000. ಟರ್ಮ್ ಇನ್ಶೂರೆನ್ಸ್ (ದುಡಿಯುವವರು ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆ) 18,000. ಸ್ಕೂಟರು, ಕಾರಿನ ವಿಮೆ ಮತ್ತು ಸರ್ವೀಸ್ 22,000. ಹಬ್ಬ ಮತ್ತು ಬಟ್ಟೆ 30,000. ಊರಿಗೆ ಓಡಾಟ 24,000. ಮದುವೆ, ಮುಂಜಿ, ಗೃಹಪ್ರವೇಶದ ಮುಯ್ಯಿ 14,000. ಯುಪಿಎಸ್ ಬ್ಯಾಟರಿ, ನಲ್ಲಿ ರಿಪೇರಿ, ಬಣ್ಣ ಎಂದು 12,000. ಆಸ್ತಿ ತೆರಿಗೆ 6,000. ಒಟ್ಟು 2,64,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 22,000.

ಈ 22,000 ಪ್ರತಿ ತಿಂಗಳೂ ಖರ್ಚಾಗಿದೆ ಎಂದೇ ತಿಳಿಯಬೇಕು. ಅದಕ್ಕೊಂದು ಬೇರೆ ಉಳಿತಾಯ ಖಾತೆ ಇರಲಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ, ಡೆಬಿಟ್ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಸಂಬಳ ಬಂದ ದಿನವೇ ಹಣ ತಾನಾಗಿ ಅಲ್ಲಿಗೆ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಜೂನ್‌ನಲ್ಲಿ ಫೀಸು ಕಟ್ಟುವಾಗ ಹಣ ಅಲ್ಲಿಂದ ತೆಗೆಯಿರಿ. ನಮ್ಮ ಮನೆಯಲ್ಲಿ ಇದನ್ನು "ಹಬ್ಬದ ಖಾತೆ" ಎನ್ನುತ್ತೇವೆ. ಸಾಲ ಬೇಗ ತೀರಿದ್ದಕ್ಕೆ ನನ್ನ ಮಟ್ಟಿಗೆ ಅತಿ ದೊಡ್ಡ ಕಾರಣ ಈ ಖಾತೆ, ಬೇರೆ ಯಾವ ಜಾಣತನವೂ ಅಲ್ಲ. ಇದು ಬಂದ ಮೇಲೆ ಕ್ರೆಡಿಟ್ ಕಾರ್ಡಿನ ಮೇಲೆ ಫೀಸು ಕಟ್ಟುವುದು ನಿಂತಿತು.

ಈಗ ತಿಂಗಳ ಲೆಕ್ಕಕ್ಕೆ ಬನ್ನಿ. ಇಬ್ಬರ ಸಂಬಳ ಕೈಗೆ 1,10,000 ಬರುತ್ತದೆ ಎಂದುಕೊಳ್ಳಿ. ಇಎಂಐ 34,700, ಹಬ್ಬದ ಖಾತೆಗೆ 22,000 ಹೋದರೆ ಉಳಿಯುವುದು 53,300. ದಿನಸಿ 9,000, ಹಾಲು-ಹಣ್ಣು-ತರಕಾರಿ 8,000, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ 4,500, ಕರೆಂಟು-ಗ್ಯಾಸು-ವೈಫೈ-ಮೊಬೈಲ್ 5,000, ಓಡಾಟ 6,000, ಮನೆಗೆಲಸದವರಿಗೆ 3,500, ಊರಿನಲ್ಲಿರುವ ಅಪ್ಪ-ಅಮ್ಮನಿಗೆ 6,000, ಹೊರಗಿನ ಊಟ-ತಿಂಡಿ 4,000. ಇಷ್ಟಾದ ಮೇಲೆ 7,300 ಕೈಯಲ್ಲಿರುತ್ತದೆ. ಅದರಲ್ಲಿ 5,000 ಸಾಲಕ್ಕೆ, 2,300 ಲೆಕ್ಕಕ್ಕೆ ಸಿಗದ ಖರ್ಚಿಗೆ. ಪೂರ್ತಿ ಏಳು ಸಾವಿರವನ್ನೂ ಸಾಲಕ್ಕೆ ಹಾಕುವ ಹುಮ್ಮಸ್ಸು ಬೇಡ. ಮೂರನೇ ತಿಂಗಳಿಗೇ ಕೈ ಕಟ್ಟಿ ಹಾಕಿದಂತಾಗಿ ಇಡೀ ಯೋಜನೆಯನ್ನೇ ಬಿಟ್ಟುಬಿಡುತ್ತೀರಿ.

ಖರ್ಚು ಎಲ್ಲಿ ಕಡಿಮೆ ಮಾಡಬಹುದು ಎಂದು ಕೇಳಿದರೆ, ಕಾಫಿ-ತಿಂಡಿಯ ಮೇಲೆ ಕೈ ಹಾಕುವ ಮೊದಲು ದೊಡ್ಡದನ್ನು ನೋಡಿ. ಎರಡನೇ ಕಾರು ಬೇಕೇ? ಆಫೀಸು ಮೆಟ್ರೋ ದಾರಿಯಲ್ಲಿದ್ದರೆ ದಿನವೂ ಕ್ಯಾಬ್ ಏಕೆ? 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆದ ಮೇಲೂ ದೂರದ ಪ್ರಯಾಣಕ್ಕೆ ಮೆಟ್ರೋ ಕ್ಯಾಬ್‌ಗಿಂತ ಎಷ್ಟೋ ಅಗ್ಗ. ಶಕ್ತಿ ಯೋಜನೆ ಶುರುವಾದ 2023ರ ಜೂನ್‌ನಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ನನಗೆ ಟಿಕೆಟ್ ಖರ್ಚಿಲ್ಲ. ಆವರೆಗೆ ಬಸ್ಸಿಗೆ ಹೋಗುತ್ತಿದ್ದ ಹಣ ಎಷ್ಟು ಎಂದು ನೋಡಿ ಅಷ್ಟನ್ನೂ ಸಾಲದ ಖಾತೆಗೆ ತಿರುಗಿಸಿದೆ. ಗೃಹಜ್ಯೋತಿಯವರು ಮೀಟರಿನ ಮೇಲೆ ಕಣ್ಣಿಡಿ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಒಟ್ಟಿಗೆ ಕಟ್ಟಿ ಶೇ. 5 ರಿಯಾಯಿತಿ ಪಡೆಯಿರಿ. ಅಪ್ಪ-ಅಮ್ಮನಿಗೆ ಕಳಿಸುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಅದು ನನ್ನ ಅಭಿಪ್ರಾಯ, ಬದಲಾಗುವುದಿಲ್ಲ.

ಸಾಲಕ್ಕೆ ಹೆಚ್ಚಿಗೆ ಕಟ್ಟುವ ಮೊದಲು ಆಗಬೇಕಾದ್ದು

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮನೆ ಸಾಲವನ್ನು ಸದ್ಯಕ್ಕೆ ಮರೆತುಬಿಡಿ. ಕಾರ್ಡಿಗೆ ಸಾಮಾನ್ಯವಾಗಿ ತಿಂಗಳಿಗೇ ಶೇ. 3ಕ್ಕಿಂತ ಹೆಚ್ಚು ಬಡ್ಡಿ ಬೀಳುತ್ತದೆ, ಮನೆ ಸಾಲಕ್ಕೆ ವರ್ಷಕ್ಕೆ ಶೇ. 8ರ ಆಸುಪಾಸು. ಪರ್ಸನಲ್ ಲೋನ್ ಇದ್ದರೆ ಅದೂ ಮೊದಲು ತೀರಲಿ.

ಆಮೇಲೆ ಕಷ್ಟಕಾಲದ ಹಣ. ಆರು ತಿಂಗಳ ಮನೆ ಖರ್ಚು ಮತ್ತು ಆರು ಇಎಂಐ, ಎಫ್‌ಡಿಯಲ್ಲೋ ಉಳಿತಾಯ ಖಾತೆಯಲ್ಲೋ ಇರಲೇಬೇಕು. ಸಾಲಕ್ಕೆ ಹೆಚ್ಚಿಗೆ ಕಟ್ಟಿದ ಹಣವನ್ನು ಮತ್ತೆ ಕೇಳಿದರೆ ಬ್ಯಾಂಕು ಕೊಡುವುದಿಲ್ಲ, ಹೊಸ ಸಾಲಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಈ ಊರಿನಲ್ಲಿ ಕಂಪನಿಗಳು ಒಂದು ಮೇಲ್ ಕಳಿಸಿ ಕೆಲಸದಿಂದ ತೆಗೆದದ್ದನ್ನು ನಾವೆಲ್ಲ ಕಂಡಿದ್ದೇವೆ. 2020ರಲ್ಲಿ ನಮ್ಮನೆಯವರ ಸಂಬಳ ಐದು ತಿಂಗಳು ಅರ್ಧಕ್ಕಿಳಿದಾಗ ನಮ್ಮನ್ನು ಕಾಪಾಡಿದ್ದು ಈ ಎಫ್‌ಡಿ. ಆ ಐದು ತಿಂಗಳು ಹೆಚ್ಚಿನ ಐದು ಸಾವಿರವನ್ನು ನಿಲ್ಲಿಸಿದೆವು, ಇಎಂಐ ಮಾತ್ರ ತಪ್ಪಿಸಲಿಲ್ಲ.

ದುಡಿಯುವ ಇಬ್ಬರಿಗೂ ಟರ್ಮ್ ಇನ್ಶೂರೆನ್ಸ್, ಕನಿಷ್ಠ ಸಾಲದ ಬಾಕಿಯಷ್ಟಾದರೂ ಇರಲಿ. ಕಂಪನಿ ಕೊಡುವ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಹಾಗಾಗಿ ಸ್ವಂತದ್ದೊಂದು ಬೇಕು.

ಎಷ್ಟು, ಯಾವಾಗ

ನಮ್ಮ 40 ಲಕ್ಷದ ಉದಾಹರಣೆಯಲ್ಲೇ ಮೂರು ದಾರಿ ನೋಡೋಣ. ತಿಂಗಳಿಗೆ 5,000 ಹೆಚ್ಚಿಗೆ ಕಟ್ಟಿದರೆ 240 ತಿಂಗಳ ಸಾಲ ಸುಮಾರು 177 ತಿಂಗಳಿಗೆ ಮುಗಿಯುತ್ತದೆ. ಐದೂಕಾಲು ವರ್ಷ ಉಳಿಯಿತು, ಬಡ್ಡಿಯಲ್ಲಿ ಹತ್ತಿರ ಹತ್ತಿರ 13 ಲಕ್ಷ ಉಳಿಯಿತು. ತಿಂಗಳು ತಿಂಗಳು ಆಗದು, ವರ್ಷಕ್ಕೊಂದು ಸಾರಿ ಬೋನಸ್ ಬಂದಾಗ ಒಂದು ಇಎಂಐನಷ್ಟು ಹೆಚ್ಚಿಗೆ ಕಟ್ಟುತ್ತೇನೆ ಎನ್ನುವವರಿಗೆ 16 ವರ್ಷ 8 ತಿಂಗಳಿಗೆ ತೀರುತ್ತದೆ. ಮೂರನೆಯದು ನನಗೆ ತುಂಬ ಇಷ್ಟವಾದದ್ದು: ಪ್ರತಿ ವರ್ಷ ಸಂಬಳ ಏರಿದಾಗ ಕಟ್ಟುವ ಮೊತ್ತವನ್ನೂ ಶೇ. 5 ಏರಿಸುವುದು. ಎರಡನೇ ವರ್ಷ 34,713 ಇದ್ದದ್ದು 36,449 ಆಗುತ್ತದೆ, ಅಷ್ಟು ಹೊರೆ ಎನಿಸುವುದಿಲ್ಲ. ಹನ್ನೆರಡನೇ ವರ್ಷಕ್ಕೆ ಅದು 59 ಸಾವಿರ ದಾಟಿರುತ್ತದೆ, ಆದರೆ ಅಷ್ಟರಲ್ಲಿ ಸಂಬಳವೂ ಏರಿರುತ್ತದೆ. ಹೀಗೆ ಮಾಡಿದರೆ ಇಪ್ಪತ್ತು ವರ್ಷದ ಸಾಲ ಹನ್ನೆರಡೂಕಾಲು ವರ್ಷಕ್ಕೆ ಮುಗಿಯುತ್ತದೆ.

ಇಂಕ್ರಿಮೆಂಟ್ ಪತ್ರ ಕೈಗೆ ಬಂದ ವಾರದಲ್ಲೇ ಈ ಕೆಲಸ ಮಾಡಿ. ಹೊಸ ಸಂಬಳ ಒಂದೆರಡು ತಿಂಗಳು ಖಾತೆಯಲ್ಲಿ ಕೂತರೆ ಅದಕ್ಕೆ ತಕ್ಕ ಖರ್ಚು ಹುಟ್ಟಿಕೊಳ್ಳುತ್ತದೆ. ಚೀಟಿ ಎತ್ತಿದ ಹಣ, ಆದಾಯ ತೆರಿಗೆ ರೀಫಂಡ್, ಮಾರಿದ ಹಳೇ ಸ್ಕೂಟರಿನ ಹಣ, ಇವಕ್ಕೆಲ್ಲ ನಾವು ಒಂದು ನಿಯಮ ಇಟ್ಟುಕೊಂಡಿದ್ದೆವು: ಅರ್ಧ ಸಾಲಕ್ಕೆ, ಅರ್ಧ ಮನೆಗೆ. ಮಗಳ ಸೈಕಲ್, ಅತ್ತೆಯವರ ಕಾಶಿ ಯಾತ್ರೆ ಎಲ್ಲ ಆ ಅರ್ಧದಲ್ಲೇ ಆಯಿತು. ಮನೆಯವರೆಲ್ಲ ಸಾಲದ ಹೆಸರಿನಲ್ಲಿ ಬಾಯಿ ಕಟ್ಟಿಕೊಂಡು ಹನ್ನೆರಡು ವರ್ಷ ಕಳೆಯಲು ಸಾಧ್ಯವಿಲ್ಲ, ಕಳೆಯಬಾರದು ಕೂಡ.

ಬ್ಯಾಂಕಿಗೆ ಬರೆದು ಕೊಡಬೇಕಾದ ಒಂದು ಸಾಲು

ಹೆಚ್ಚಿನ ಹಣ ಕಟ್ಟಿದಾಗ ಬ್ಯಾಂಕಿನ ಮುಂದೆ ಎರಡು ದಾರಿ ಇರುತ್ತವೆ. ಇಎಂಐ ಅಷ್ಟೇ ಇಟ್ಟು ಅವಧಿ ಕಡಿಮೆ ಮಾಡುವುದು, ಇಲ್ಲವೇ ಅವಧಿ ಅಷ್ಟೇ ಇಟ್ಟು ಇಎಂಐ ಕಡಿಮೆ ಮಾಡುವುದು. ಬೇಗ ತೀರಿಸುವುದು ಗುರಿಯಾದರೆ ನಿಮಗೆ ಬೇಕಾದ್ದು ಮೊದಲನೆಯದು. ನಾವು ಮೊದಲ ಸಾರಿ ಒಂದೂವರೆ ಲಕ್ಷ ಕಟ್ಟಿದಾಗ ಏನೂ ಹೇಳಲಿಲ್ಲ. ಮುಂದಿನ ತಿಂಗಳು ಇಎಂಐ ಇಳಿದಿತ್ತು, ಖುಷಿಯೂ ಆಯಿತು. ಕಡಿಮೆಯಾದ ಹಣ ಮನೆ ಖರ್ಚಿನಲ್ಲಿ ಕರಗಿಹೋಯಿತು, ಸಾಲದ ಕೊನೆಯ ದಿನಾಂಕ ಒಂದು ದಿನವೂ ಹಿಂದೆ ಬರಲಿಲ್ಲ. ಅದಾದ ಮೇಲೆ ಪ್ರತಿ ಸಾರಿಯೂ "ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಇಎಂಐ ಬದಲಿಸದೆ ಅವಧಿಯನ್ನು ಕಡಿಮೆ ಮಾಡಿ" ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದೆವು. ಆನ್‌ಲೈನ್‌ನಲ್ಲಿ ಕಟ್ಟುವಾಗ ಈ ಆಯ್ಕೆ ಕಾಣಿಸದಿದ್ದರೆ ಮೇಲ್ ಕಳಿಸಿ.

ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದಾಗ ಅಸಲು ನೀವು ಕಟ್ಟಿದಷ್ಟೇ ಇಳಿದಿದೆಯೇ ಎಂದು ನೋಡಿ. ಕೆಲವೊಮ್ಮೆ ಹೆಚ್ಚಿನ ಹಣ ಮುಂದಿನ ಕಂತಿನ ಮುಂಗಡ ಎಂದು ಸುಮ್ಮನೆ ಕೂತಿರುತ್ತದೆ, ಅದರಿಂದ ಬಡ್ಡಿ ಕಡಿಮೆಯಾಗುವುದಿಲ್ಲ. ಪ್ರತಿ ಸಾರಿ ಕನಿಷ್ಠ ಇಷ್ಟು ಕಟ್ಟಬೇಕು ಎಂಬ ಮಿತಿಯೂ ಕೆಲವು ಕಡೆ ಇರುತ್ತದೆ. ಹಾಗಿದ್ದರೆ ತಿಂಗಳ 5,000ವನ್ನು ಬೇರೆ ಖಾತೆಯಲ್ಲಿ ಕೂಡಿಸಿ ಮಿತಿ ಮುಟ್ಟಿದಾಗ ಕಟ್ಟಿ.

ದಂಡದ ಭಯ ಬೇಡ. ಫ್ಲೋಟಿಂಗ್ ಬಡ್ಡಿಯ, ಅಂದರೆ ದರ ಏರಿಳಿಯುವ ಮನೆ ಸಾಲವನ್ನು ಮೊದಲೇ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಫಿಕ್ಸೆಡ್ ಬಡ್ಡಿಯ ಸಾಲವಾದರೆ ಮಾತ್ರ ಕರಾರುಪತ್ರ ಓದಿ ನೋಡಿ.

ಬಡ್ಡಿ ದರ ಏರಿಳಿದಾಗ

2022ರ ಮೇ ತಿಂಗಳಲ್ಲಿ ಶೇ. 4 ಇದ್ದ ರೆಪೋ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರ) 2023ರ ಫೆಬ್ರವರಿಗೆ ಶೇ. 6.5 ಆಯಿತು. ಆಗ ಬಹಳ ಮಂದಿಯ ಇಎಂಐ ಬದಲಾಗಲಿಲ್ಲ, ಅವಧಿ ಮಾತ್ರ ಸದ್ದಿಲ್ಲದೆ ಉದ್ದವಾಯಿತು. ಶೇ. 7ಕ್ಕೆ 40 ಲಕ್ಷ ತೆಗೆದವರ ಇಎಂಐ 31,012. ಎರಡು ವರ್ಷದ ನಂತರ ಬಾಕಿ 38 ಲಕ್ಷ ಇರುವಾಗ ದರ ಶೇ. 9.5 ಆದರೆ ತಿಂಗಳ ಬಡ್ಡಿಯೇ 30,100 ರೂಪಾಯಿ. ಅಂದರೆ ಕಟ್ಟುತ್ತಿರುವ ಕಂತಿನಲ್ಲಿ ಅಸಲಿಗೆ ಸಾವಿರ ರೂಪಾಯಿಯೂ ಸೇರುತ್ತಿಲ್ಲ.

ಇಂಥ ದೂರುಗಳು ಬಂದ ಮೇಲೆ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಇಎಂಐ ಏರಿಸುವುದೋ ಅವಧಿ ಏರಿಸುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ಉಳಿದ ಕಂತುಗಳ ಸಂಖ್ಯೆ ಇರುವ ಸ್ಟೇಟ್‌ಮೆಂಟ್ ಒದಗಿಸಬೇಕು. ಉಳಿದ ಕಂತು ಎಷ್ಟು ಎಂಬ ಆ ಒಂದು ಸಂಖ್ಯೆಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಅದು ಏರಿದ್ದರೆ ಶಾಖೆಗೆ ಹೋಗಿ ಇಎಂಐ ಏರಿಸಲು ಕೇಳಿ.

ದರ ಇಳಿದಾಗ ಇದು ತಿರುಗುಮುರುಗು. 2025ರಲ್ಲಿ ರೆಪೋ ಶೇ. 6.5ರಿಂದ 5.25ಕ್ಕೆ ಇಳಿಯಿತು. ಶೇ. 8.5ರ ಸಾಲ 7.25ಕ್ಕೆ ಬಂದರೂ ಹಳೇ 34,713 ಕಟ್ಟುತ್ತಲೇ ಹೋದರೆ 40 ಲಕ್ಷ 240ರ ಬದಲು 198 ತಿಂಗಳಿಗೆ ತೀರುತ್ತದೆ. ಕೈಯಿಂದ ಒಂದು ರೂಪಾಯಿ ಹೆಚ್ಚಿಗೆ ಹೋಗುವುದಿಲ್ಲ. 2019ರ ಅಕ್ಟೋಬರ್‌ಗೆ ಮೊದಲು ತೆಗೆದ ಸಾಲ ಇನ್ನೂ ಬ್ಯಾಂಕೇ ನಿಗದಿ ಮಾಡುವ ಹಳೇ ದರಗಳಾದ ಬೇಸ್ ರೇಟ್ ಅಥವಾ ಎಂಸಿಎಲ್‌ಆರ್‌ನಲ್ಲೇ ಇದ್ದರೆ ರೆಪೋ ಆಧಾರಿತ ದರಕ್ಕೆ ಬದಲಿಸಲು ಎಷ್ಟು ಶುಲ್ಕ, ಎಷ್ಟು ಉಳಿತಾಯ ಎಂದು ಬರಹದಲ್ಲಿ ಕೇಳಿ. ನಾವು 2020ರಲ್ಲಿ ಬದಲಿಸಿದೆವು.

ತೆರಿಗೆ ಮತ್ತು ಬೇರೆ ಹೂಡಿಕೆ

"ಸಾಲ ಇದ್ದರೆ ತೆರಿಗೆ ಉಳಿಯುತ್ತದೆ, ತೀರಿಸಬೇಡಿ" ಎಂಬ ಮಾತು ಇನ್ನೂ ಓಡಾಡುತ್ತಿದೆ. ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಸಿಗುವ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇರುವವರಿಗೆ ಅದು ಇಲ್ಲವೇ ಇಲ್ಲ. ಹಳೇ ಪದ್ಧತಿಯಲ್ಲೂ, ನಮ್ಮ ಉದಾಹರಣೆಯ ಮೊದಲ ವರ್ಷದ ಬಡ್ಡಿ 3 ಲಕ್ಷ 37 ಸಾವಿರ, ಎರಡು ಲಕ್ಷದ ಮೇಲಿನದ್ದಕ್ಕೆ ಏನೂ ಸಿಗುವುದಿಲ್ಲ. ಗಂಡ-ಹೆಂಡತಿ ಇಬ್ಬರೂ ಮಾಲೀಕರೂ ಸಾಲಗಾರರೂ ಆಗಿದ್ದರೆ ಇಬ್ಬರಿಗೂ ಪ್ರತ್ಯೇಕ ಮಿತಿ ಇರುತ್ತದೆ, ಅಂಥವರು ಲೆಕ್ಕ ಹಾಕಿ ನಿರ್ಧರಿಸಲಿ.

ಶೇ. 7ರ ಎಫ್‌ಡಿಯಲ್ಲಿ ದೊಡ್ಡ ಮೊತ್ತ ಇಟ್ಟು ಶೇ. 8.5ರ ಸಾಲ ಕಟ್ಟುವುದು ನಷ್ಟ. ಶೇ. 30ರ ತೆರಿಗೆ ಕಳೆದರೆ ಎಫ್‌ಡಿಯಿಂದ ಕೈಗೆ ಬರುವುದು ಶೇ. 5ಕ್ಕಿಂತ ಕಡಿಮೆ. ಆದರೆ ಸಾಲ ತೀರಿಸಲೆಂದು ಪಿಎಫ್ ತೆಗೆಯಬೇಡಿ, 2024-25ಕ್ಕೆ ಅದರ ಬಡ್ಡಿ ಶೇ. 8.25 ಇತ್ತು, ಮುಪ್ಪಿನ ಹಣ ಅದು. ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವ ಎಸ್‌ಐಪಿಯಲ್ಲಿ ಸಾಲದ ಬಡ್ಡಿಗಿಂತ ಹೆಚ್ಚು ಬರಬಹುದು, ಬಾರದೆಯೂ ಇರಬಹುದು. ನಾವು ಸಣ್ಣದೊಂದು ಎಸ್‌ಐಪಿ ನಿಲ್ಲಿಸದೆ ಉಳಿದದ್ದನ್ನು ಸಾಲಕ್ಕೆ ಹಾಕಿದೆವು. ಮನೆ ನಮ್ಮದಾಗುವ ದಿನ ಹತ್ತಿರ ಬರುತ್ತಿದೆ ಎಂಬ ನೆಮ್ಮದಿಗೆ ನಾನು ಬೆಲೆ ಕೊಡುತ್ತೇನೆ.

ಕೊನೆಯ ಕಂತು ಕಟ್ಟಿದ ಮೇಲೆ

ಮುಗಿಸುವ ಮೊದಲು ಶಾಖೆಯಿಂದ ಆ ದಿನಕ್ಕೆ ಕಟ್ಟಬೇಕಾದ ಪೂರ್ತಿ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಕಟ್ಟಿದ ಮೇಲೆ ಸಾಲ ಬಾಕಿ ಇಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ ತೆಗೆದುಕೊಳ್ಳಿ. ಖಾತೆಯಿಂದ ಇಎಂಐ ಕಡಿತವಾಗುವ ಆದೇಶವನ್ನು ರದ್ದು ಮಾಡಿಸಿ.

ಮೂಲ ಪತ್ರಗಳನ್ನು 30 ದಿನದೊಳಗೆ ಹಿಂತಿರುಗಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ತೆಗೆಯುವಾಗ ಬ್ಯಾಂಕು ಕೊಟ್ಟ ಪತ್ರಗಳ ಪಟ್ಟಿಯನ್ನು ಹಿಡಿದುಕೊಂಡು ಹೋಗಿ, ಕ್ರಯಪತ್ರ, ತಾಯಿ ಪತ್ರ (ಆಸ್ತಿಯ ಹಿಂದಿನ ಮಾಲೀಕತ್ವದ ಮೂಲ ಪತ್ರ), ಖಾತಾ, ತೆರಿಗೆ ರಸೀದಿ ಒಂದೊಂದನ್ನೂ ಹಾಳೆ ಹಾಳೆ ಎಣಿಸಿಯೇ ಸಹಿ ಮಾಡಿ. ನಮ್ಮ ಕಟ್ಟಿನಲ್ಲಿ ತಾಯಿ ಪತ್ರದ ಎರಡು ಹಾಳೆ ಇರಲಿಲ್ಲ. ಸಹಿ ಮಾಡುವ ಮೊದಲೇ ಕಂಡಿದ್ದರಿಂದ ಅವರೇ ಹುಡುಕಿ ಮುಂದಿನ ವಾರ ಕೊಟ್ಟರು.

ನಮ್ಮ ರಾಜ್ಯದಲ್ಲಿ ಸಾಲ ಕೊಡುವಾಗ ಹಕ್ಕುಪತ್ರಗಳನ್ನು ಅಡವಿಟ್ಟ ಬಗ್ಗೆ ಉಪನೋಂದಣಿ ಕಚೇರಿಯಲ್ಲಿ ಎಂಒಡಿಟಿ ನೋಂದಣಿ ಮಾಡಿಸಿರುತ್ತಾರೆ. ಎನ್‌ಒಸಿ ಬಂದ ಮಾತ್ರಕ್ಕೆ ಆ ನಮೂದು ಹೋಗುವುದಿಲ್ಲ. ಬ್ಯಾಂಕಿನ ಅಧಿಕಾರಿಯ ಜೊತೆ ಉಪನೋಂದಣಿ ಕಚೇರಿಗೆ ಹೋಗಿ ಅಡಮಾನ ಬಿಡುಗಡೆಯನ್ನೂ ನೋಂದಾಯಿಸಬೇಕು. ಇದನ್ನು ಬಿಟ್ಟವರು ಹತ್ತು ವರ್ಷದ ಮೇಲೆ ಮನೆ ಮಾರಲು ಹೊರಟಾಗ ಪರದಾಡುತ್ತಾರೆ. ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲಿರುವ ಬ್ಯಾಂಕಿನ ಹಕ್ಕನ್ನೂ ತೆಗೆಸಲು ಹೇಳಿ. ಎರಡು ತಿಂಗಳ ನಂತರ ಸಿಬಿಲ್ ವರದಿಯಲ್ಲಿ ಸಾಲ ಮುಕ್ತಾಯವಾಗಿದೆ ಎಂದು ಬಂದಿದೆಯೇ ನೋಡಿ, ಪೂರ್ತಿ ವರದಿ ವರ್ಷಕ್ಕೊಮ್ಮೆ ಉಚಿತ.

ಕೊನೆಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸದಾಗಿ ಇಸಿಗೆ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಮನೆ ಕೊಂಡ ವರ್ಷದಿಂದ ಇಂದಿನವರೆಗಿನ ಅವಧಿ ಕೊಡಿ. ಕ್ರಯ, ಅದರ ಕೆಳಗೆ ಅಡಮಾನ, ಅದರ ಕೆಳಗೆ ಅಡಮಾನದ ಬಿಡುಗಡೆ, ಮೂರೂ ಅದರಲ್ಲಿ ಕಾಣಬೇಕು. ನಮ್ಮದರಲ್ಲಿ ಮೂರನೇ ಸಾಲು ಬಂದ ದಿನ ಅದನ್ನು ಪ್ರಿಂಟ್ ತೆಗೆಸಿ, ಮೂಲ ಪತ್ರಗಳ ಕಟ್ಟಿನ ಮೇಲಿಟ್ಟು ಅತ್ತೆಯವರ ಕೈಗೆ ಕೊಟ್ಟೆವು. ಅವರು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿ ಬೀರುವಿನಲ್ಲಿಟ್ಟರು.